ಅಪ್ಪನ ರಿಪೋರ್ಟಿನಲ್ಲಿ ‘ಬ್ಯಾಕ್ಟೀರಿಯಾ ಇದೆ, ಮದ್ದು ಬೇಡ’ ಅಂತಿದೆ. ಏನು ಇದರ ಅರ್ಥ?

ಮೂಡಿಗೆರೆ_ಮಗಳು · ಫೆಬ್ರವರಿ 11, ರಾತ್ರಿ 10:52

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯದೆ ಇರಲು ಆಗಲಿಲ್ಲ.

ಅಪ್ಪನಿಗೆ 64 ವರ್ಷ. ಜನವರಿ ಕೊನೆಯಲ್ಲಿ ಮೆಣಸು ಕುಯ್ಯುವಾಗ ಏಣಿ ಜಾರಿ ಸಿಲ್ವರ್ ಮರದಿಂದ ಬಿದ್ದರು. ಆಳು ಸಿಗಲಿಲ್ಲ ಅಂತ ತಾವೇ ಹತ್ತಿದ್ದು. ನಾಲ್ಕು ಪಕ್ಕೆಲುಬು ಮುರಿದಿವೆ, ತಲೆಗೂ ಪೆಟ್ಟಾಗಿದೆ. ಮೊದಲು ಒಂದು ಆಸ್ಪತ್ರೆಯ ಐಸಿಯುನಲ್ಲಿ 6 ದಿನ ಇದ್ದರು. ಅಲ್ಲಿಂದ ಹಾಸನದ ಇನ್ನೊಂದು ಆಸ್ಪತ್ರೆಗೆ ತಂದೆವು. ಈಗಲೂ ವೆಂಟಿಲೇಟರ್ ಮೇಲೇ ಇದ್ದಾರೆ. ಗಂಟಲಿಗೆ ತೂತು ಮಾಡಿ ಟ್ಯೂಬ್ ಹಾಕಿದ್ದಾರೆ. ಕಣ್ಣು ಬಿಡುತ್ತಾರೆ. ಕೈ ಹಿಡಿದರೆ ಒತ್ತುತ್ತಾರೆ.

ಇಲ್ಲಿಗೆ ಬಂದ ದಿನವೇ ಗುದದ ಹತ್ತಿರ ಹತ್ತಿಯ ಕಡ್ಡಿ ಆಡಿಸಿ ಸ್ವಾಬ್ ತೆಗೆದರು. ರಿಪೋರ್ಟಿನಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಅಂತ ಬಂದಿದೆ. ಮೆರೊಪೆನೆಮ್ ಅನ್ನುವ ದೊಡ್ಡ ಆಂಟಿಬಯೋಟಿಕ್ ಸೇರಿ ಉದ್ದಕ್ಕೂ ‘ಆರ್’, ‘ಆರ್’, ‘ಆರ್’. ರೆಸಿಸ್ಟೆಂಟ್, ಅಂದರೆ ಆ ಮದ್ದು ನಾಟುವುದಿಲ್ಲ ಅಂತ. ಕೆಳಗೆ ಪೆನ್ನಿನಲ್ಲಿ ‘ಕಾಲೊನೈಸೇಶನ್, ಚಿಕಿತ್ಸೆ ಬೇಡ’ ಅಂತ ಬರೆದಿದ್ದಾರೆ. ಮಾರನೇ ದಿನ ಅಪ್ಪನ ಮಂಚವನ್ನು ಮೂಲೆಗೆ ಸರಿಸಿ ಹಳದಿ ಬೋರ್ಡು ನೇತುಹಾಕಿದರು. ಈಗ ಹತ್ತಿರ ಹೋಗುವವರೆಲ್ಲ ಗೌನು, ಗ್ಲೌಸು ಹಾಕುತ್ತಾರೆ.

ಚಿಕ್ಕಪ್ಪ ಕೂಗಾಡುತ್ತಿದ್ದಾರೆ. ‘ಯಾವ ಮದ್ದಿಗೂ ಜಗ್ಗದ ಕ್ರಿಮಿ ಇದೆ ಅಂತಾರೆ, ಮದ್ದೂ ಕೊಡಲ್ಲ ಅಂತಾರೆ. ಕೈಬಿಟ್ಟಿದ್ದಾರೆ ಅಂತಾನೇ ಅರ್ಥ. ಬೆಂಗಳೂರಿಗೆ ಎತ್ತಿಕೊಂಡು ಹೋಗೋಣ’ ಅಂತ. ನನಗೂ ತಲೆ ಓಡುತ್ತಿಲ್ಲ. ಗೊತ್ತಿದ್ದವರು ಹೇಳಿ. ಇದು ನಿರ್ಲಕ್ಷ್ಯವಾ?

ಕಾಫಿಕಣ · ಫೆಬ್ರವರಿ 11, ರಾತ್ರಿ 11:20

ತಂಗಿ, ಧೈರ್ಯ ತಗೋ. ನಾನು ಸಕಲೇಶಪುರ ಕಡೆಯವನು, ಡಾಕ್ಟರ್ ಅಲ್ಲ. ನಮ್ಮ ಭಾವನಿಗೆ ಹೀಗೇ ಆದಾಗ ಅಲ್ಲಿನ ಡಾಕ್ಟರಿಗೆ ನಾನೂ ಇದೇ ಪ್ರಶ್ನೆ ಕೇಳಿದ್ದೆ. ಅವರು ನನ್ನ ಭಾಷೆಯಲ್ಲೇ ಹೇಳಿದರು. ‘ಆನೆ ತೋಟದೊಳಗೆ ನಿಂತಿದೆ, ಮನೆ ಅಂಗಳಕ್ಕೆ ಬಂದಿಲ್ಲ. ನಿಂತ ಆನೆಗೆ ಪಟಾಕಿ ಹೊಡೀತೀರಾ?’ ಅಂದರು. ನಾವು ಹೊಡೆಯುವುದಿಲ್ಲ, ಅಲ್ವಾ? ಎಲ್ಲಿದೆ ಅಂತ ಎಲ್ಲರಿಗೂ ಮೆಸೇಜ್ ಹಾಕಿ, ಆ ದಾರಿ ಬಿಟ್ಟು ಓಡಾಡುತ್ತೇವೆ. ಹಳದಿ ಬೋರ್ಡು ಆ ಮೆಸೇಜ್ ಇದ್ದ ಹಾಗೆ.

ನೈಟ್_ಡ್ಯೂಟಿ · ಫೆಬ್ರವರಿ 12, ಬೆಳಗಿನ ಜಾವ 4:15

ಐಸಿಯು ನರ್ಸ್ ನಾನು, ಇದೇ ಜಿಲ್ಲೆಯಲ್ಲಿ. ಡ್ಯೂಟಿಯ ನಡುವೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಆನೆ ಉದಾಹರಣೆ ಚೆನ್ನಾಗಿದೆ ಅಣ್ಣ, ಆದರೆ ಅರ್ಧ ಮಾತ್ರ. ಪಟಾಕಿ ಹೊಡೆದರೆ ಆನೆ ಮರಿ ಹಾಕುವುದಿಲ್ಲ. ಇದು ಹಾಕುತ್ತದೆ. ನಮ್ಮ ಕರುಳಿನಲ್ಲಿ ನೂರಾರು ಜಾತಿಯ ಬ್ಯಾಕ್ಟೀರಿಯಾ ಇರುತ್ತವೆ, ಹೆಚ್ಚಿನವು ಸಾಧುಗಳು. ಮದ್ದಿಗೆ ಜಗ್ಗದ ಕ್ಲೆಬ್ಸಿಯೆಲ್ಲಾ ಅವುಗಳ ನಡುವೆ ಸ್ವಲ್ಪ ಜಾಗ ಹಿಡಿದು ಬೀಡು ಬಿಟ್ಟಿದೆ. ಅದಕ್ಕೇ ಕಾಲೊನೈಸೇಶನ್ ಅನ್ನುವುದು. ಈಗ ದೊಡ್ಡ ಆಂಟಿಬಯೋಟಿಕ್ ಕೊಟ್ಟರೆ ಸಾಯುವುದು ಯಾವುದು? ಸಾಧುಗಳು. ಉಳಿಯುವುದು ಇದೇ. ಗದ್ದೆಯಲ್ಲಿ ಪೈರನ್ನೇ ಸುಟ್ಟು ಕಳೆಗೆ ಜಾಗ ಬಿಟ್ಟುಕೊಟ್ಟ ಹಾಗಾಗುತ್ತದೆ.

ಇನ್ಫೆಕ್ಷನ್ ಅಂದರೆ ಬೇರೆ. ಜ್ವರ ಬರುತ್ತದೆ, ಬಿಪಿ ಇಳಿಯುತ್ತದೆ, ಕಫ ಗಟ್ಟಿಯಾಗಿ ಬಣ್ಣ ತಿರುಗುತ್ತದೆ, ಆಕ್ಸಿಜನ್ ಜಾಸ್ತಿ ಬೇಕಾಗುತ್ತದೆ. ಬರೀ ಸ್ವಾಬಿನಲ್ಲಿ ಸಿಕ್ಕಿದ್ದಕ್ಕೆ ಯಾರೂ ಚಿಕಿತ್ಸೆ ಕೊಡುವುದಿಲ್ಲ, ಕೊಡಲೂಬಾರದು. ಯೂರಿನ್ ಪೈಪು ಹಾಕಿದವರ ಮೂತ್ರದಲ್ಲೂ ಹೀಗೇ ಬರುತ್ತಿರುತ್ತದೆ. ರೋಗಿಗೆ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಅದನ್ನೂ ಮುಟ್ಟಲು ಹೋಗುವುದಿಲ್ಲ.

ನಿಮ್ಮ ತಂದೆಯವರನ್ನು ಬೇರೆ ಐಸಿಯುನಿಂದ ತಂದಿದ್ದಕ್ಕೆ ಬಂದ ದಿನವೇ ಸ್ವಾಬ್ ತೆಗೆದಿದ್ದಾರೆ. ಎಲ್ಲ ಕಡೆ ತೆಗೆಯುವುದಿಲ್ಲ. ತೆಗೆದಿದ್ದಾರೆ ಅಂದರೆ ಕೆಲಸ ಗೊತ್ತಿದ್ದವರು ಅಂತ ನನ್ನ ಲೆಕ್ಕ.

ಬಾಣಾವರದವ · ಫೆಬ್ರವರಿ 12, ಬೆಳಿಗ್ಗೆ 8:03

ಎಲ್ಲ ಕೇಳಲು ಚೆನ್ನಾಗಿದೆ. ನನ್ನದೊಂದು ಕಹಿ ಪ್ರಶ್ನೆ. ಆ ಕ್ರಿಮಿ ಅವರ ಅಪ್ಪನ ಹೊಟ್ಟೆಗೆ ಎಲ್ಲಿಂದ ಬಂತು? ಮೆಣಸಿನ ಬಳ್ಳಿಯಿಂದ ಬಂತಾ?

ನಮ್ಮಣ್ಣ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಆಪರೇಷನ್ ಆಯ್ತು, ಕಾಲು ಸರಿಹೋಯ್ತು. ಆಮೇಲೆ ಉಸಿರಾಟದ ತೊಂದರೆ ಅಂತ ಐಸಿಯುಗೆ ಹಾಕಿದರು. ಅಲ್ಲಿ ಅಸಿನೆಟೊಬ್ಯಾಕ್ಟರ್ ಅಂತ ಯಾವುದೋ ಅಂಟಿಕೊಂಡಿತು. 23 ದಿನ ಇದ್ದು ಹೋಗಿಬಿಟ್ಟ. ಮುರಿದ ಕಾಲು ಅವನನ್ನು ಕೊಲ್ಲಲಿಲ್ಲ. ಬಿಲ್ಲು ಕಟ್ಟಿದ್ದು ನಾವು. ಆಸ್ಪತ್ರೆ ಹೆಸರು ಹೇಳುವುದಿಲ್ಲ, ಹೇಳಿ ಈಗ ಆಗಬೇಕಾದ್ದೇನೂ ಇಲ್ಲ.

ಪ್ಲೇಟ್_ನೋಡುವವ · ಫೆಬ್ರವರಿ 12, ಮಧ್ಯಾಹ್ನ 1:40

@ಬಾಣಾವರದವ ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ, ನಾನು ಅದನ್ನು ಹಾರಿಸಿ ಮಾತಾಡುವುದಿಲ್ಲ. ಮೈಕ್ರೊಬಯಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ನಾನು. ಇಂಥ ಬ್ಯಾಕ್ಟೀರಿಯಾ ಬಹಳ ಸಲ ಆಸ್ಪತ್ರೆಯಲ್ಲೇ ಹತ್ತುವುದು. ಕೈಯಿಂದ, ಮಂಚದ ಕಂಬಿಯಿಂದ, ಸಕ್ಷನ್ ಪೈಪಿನಿಂದ. ಅಸಿನೆಟೊಬ್ಯಾಕ್ಟರ್ ಒಣಗಿದ ಜಾಗದಲ್ಲೂ ವಾರಗಟ್ಟಲೆ ಬದುಕಿರುತ್ತದೆ. ಹಾಗಂತ ಎಲ್ಲವೂ ಅಲ್ಲಿಂದಲೇ ಅಂತಲೂ ಅಲ್ಲ. ನಮ್ಮ ದೇಶದಲ್ಲಿ ಆಸ್ಪತ್ರೆ ಮೆಟ್ಟಿಲು ಹತ್ತದವರ ಕರುಳಲ್ಲೂ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಸಿಗುತ್ತದೆ.

ರಿಪೋರ್ಟ್ ತಡ ಅಂತ ನಮ್ಮನ್ನು ಬೈಯುವವರೇ ಜಾಸ್ತಿ. ಆ ಎರಡು ಮೂರು ದಿನ ನಾವೇನು ಮಾಡುತ್ತೇವೆ ಅಂತ ಒಮ್ಮೆ ಹೇಳಿಬಿಡುತ್ತೇನೆ. ಸಂಜೆ ಸ್ವಾಬ್ ಬರುತ್ತದೆ. ಅದನ್ನು ಕೆಂಪು ಬಣ್ಣದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಪ್ಲೇಟಿನ ಮೇಲೆ ಗೀರಿ, 37 ಡಿಗ್ರಿಯ ಪೆಟ್ಟಿಗೆಯಲ್ಲಿ ಇಡುತ್ತೇವೆ. ಬೆಳಿಗ್ಗೆ ತೆಗೆದರೆ ಗುಲಾಬಿ ಬಣ್ಣದ ದಪ್ಪ ಚುಕ್ಕಿಗಳು ಎದ್ದಿರುತ್ತವೆ. ಒದ್ದೆ ಒದ್ದೆ, ಹೊಳಪು. ಕೆಲವನ್ನು ತಂತಿಯ ತುದಿಯಿಂದ ಮುಟ್ಟಿ ಎಳೆದರೆ ಬೆಂಡೆಕಾಯಿ ಲೋಳೆಯ ಹಾಗೆ ದಾರ ಬರುತ್ತದೆ. ಅದನ್ನು ನೋಡಿದ ಕೂಡಲೇ ಕ್ಲೆಬ್ಸಿಯೆಲ್ಲಾ ಇರಬೇಕು ಅನ್ನಿಸುತ್ತದೆ. ಆದರೆ ಅನ್ನಿಸಿದ್ದನ್ನೆಲ್ಲ ಬರೆದು ಸೈನ್ ಹಾಕಲು ಆಗುವುದಿಲ್ಲ, ಪರೀಕ್ಷೆ ಆಗಬೇಕು.

ಆಮೇಲೆ ಅದನ್ನೇ ಇನ್ನೊಂದು ಪ್ಲೇಟಿಗೆ ತೆಳ್ಳಗೆ ಸವರುತ್ತೇವೆ. ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ, ಎಲ್ಲೂ ಬಿಡದೆ. ಮೇಲೆ ಒಂದೊಂದು ಆಂಟಿಬಯೋಟಿಕ್ ಹೀರಿಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಇನ್ನೊಂದು ರಾತ್ರಿ ಕಾಯಬೇಕು. ಮದ್ದು ನಾಟಿದರೆ ಬಿಲ್ಲೆಯ ಸುತ್ತ ಖಾಲಿ ಉಂಗುರ ಕಾಣುತ್ತದೆ. ಸ್ಕೇಲ್ ಹಿಡಿದು ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ‘ಆರ್’ ಬಂದರೆ ಉಂಗುರ ತೀರಾ ಚಿಕ್ಕದಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಕೆಲವು ಸಲ ಬಿಲ್ಲೆಯ ಅಂಚಿನವರೆಗೂ ಬೆಳೆದುಕೊಂಡು ಬಂದಿರುತ್ತದೆ. ಮೆರೊಪೆನೆಮ್ ಬಿಲ್ಲೆಗೆ ಹಾಗೆ ಅಂಟಿಕೊಂಡು ಬೆಳೆದಿದ್ದನ್ನು ಮೊದಲ ಸಲ ನೋಡಿದಾಗ ಹೊಟ್ಟೆ ತೊಳಸಿತ್ತು. ಈಗ ಅಭ್ಯಾಸ ಆಗಿಹೋಗಿದೆ. ಅಭ್ಯಾಸ ಆಗಿದ್ದೇ ನನಗೆ ಜಾಸ್ತಿ ಬೇಜಾರು.

ಕೊಲಿಸ್ಟಿನ್ ಅನ್ನುವ ಮದ್ದಿಗೆ ಮಾತ್ರ ಬಿಲ್ಲೆ ಲೆಕ್ಕಕ್ಕೆ ಬರುವುದಿಲ್ಲ, ಅದು ಅಗಾರಿನಲ್ಲಿ ಸರಿಯಾಗಿ ಹರಡುವುದಿಲ್ಲ. ಬೇರೆ ವಿಧಾನ ಬೇಕು. ಕೆಲವು ರಿಪೋರ್ಟಿನಲ್ಲಿ ಆ ಸಾಲು ತಡವಾಗಿ ಬರುವುದು ಅದಕ್ಕೇ.

ಬಾಣಾವರದವ · ಫೆಬ್ರವರಿ 12, ಮಧ್ಯಾಹ್ನ 2:10

ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ಆವತ್ತು ಯಾರಾದರೂ ನಮ್ಮನ್ನು ಕೂರಿಸಿಕೊಂಡು ಇಷ್ಟು ಹೇಳಿದ್ದರೆ ಸಾಕಿತ್ತು. ಎನ್‌ಡಿಎಂ ಅಂತ ಒಂದು ಪದ ಆ ಫೈಲಿನಲ್ಲಿತ್ತು. ಅದೇನು?

ಪ್ಲೇಟ್_ನೋಡುವವ · ಫೆಬ್ರವರಿ 12, ಸಂಜೆ 6:25

ನ್ಯೂ ಡೆಲ್ಲಿ ಮೆಟಾಲೊ ಬೀಟಾ ಲ್ಯಾಕ್ಟಮೇಸ್. ಮೆರೊಪೆನೆಮ್‌ನಂಥ ಮದ್ದನ್ನೇ ತುಂಡು ಮಾಡುವ ಕಿಣ್ವ. 2008ರಲ್ಲಿ ಸ್ವೀಡನ್ನಿನ ಒಬ್ಬ ರೋಗಿಯ ಕ್ಲೆಬ್ಸಿಯೆಲ್ಲಾದಲ್ಲಿ ಮೊದಲು ಗುರುತಿಸಿದರು. ಆತ ಅದಕ್ಕೆ ಸ್ವಲ್ಪ ಮುಂಚೆ ದೆಹಲಿಯ ಆಸ್ಪತ್ರೆಯಲ್ಲಿದ್ದ, ಹಾಗಾಗಿ ಆ ಹೆಸರು. 2010ರಲ್ಲಿ ನಮ್ಮಲ್ಲಿ ಹೆಸರಿನ ಬಗ್ಗೆ ದೊಡ್ಡ ಗಲಾಟೆಯೇ ಆಯಿತು. ಹೆಸರಿನ ಜಗಳದಲ್ಲಿ ಕಿಣ್ವದ ಮಾತು ಮೂಲೆಗೆ ಹೋಯಿತು ಅಂತ ನನ್ನ ಅಭಿಪ್ರಾಯ.

ಹೆದರಿಕೆ ಇರುವುದು ಇನ್ನೊಂದು ಕಡೆ. ಈ ಕಿಣ್ವದ ಗುಟ್ಟು ಪ್ಲಾಸ್ಮಿಡ್ ಅನ್ನುವ ಡಿಎನ್ಎ ಬಳೆಯಲ್ಲಿ ಇರುತ್ತದೆ. ಒಂದು ಬ್ಯಾಕ್ಟೀರಿಯಾ ಪಕ್ಕದ ಇನ್ನೊಂದಕ್ಕೆ, ಬೇರೆ ಜಾತಿಯದಾದರೂ, ಅದನ್ನು ದಾಟಿಸುತ್ತದೆ. ಪಕ್ಕದ ಮನೆಗೆ ಹೆಪ್ಪು ಕೊಟ್ಟಷ್ಟು ಸಲೀಸು.

ಮೂಡಿಗೆರೆ_ಮಗಳು · ಫೆಬ್ರವರಿ 12, ರಾತ್ರಿ 9:30

ಎಲ್ಲರಿಗೂ ಕೈ ಮುಗಿಯುತ್ತೇನೆ. ಚಿಕ್ಕಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಪೂರ್ತಿ ಒಪ್ಪಲಿಲ್ಲ, ಆದರೆ ಬೆಂಗಳೂರಿನ ಆಂಬುಲೆನ್ಸ್ ಬೇಡ ಅಂದರು.

ನೈಟ್_ಡ್ಯೂಟಿ ಅಕ್ಕ, ಇನ್ನೊಂದು. ದೊಡ್ಡಮ್ಮ ಶೃಂಗೇರಿಯಿಂದ ತೀರ್ಥ ತಂದಿದ್ದಾರೆ. ಎರಡು ಹನಿ ಬಾಯಿಗೆ ಹಾಕಲು ಬಿಡಿ ಅಂತ ಅಳುತ್ತಾರೆ. ಇವತ್ತು ಸಿಸ್ಟರ್ ಬೇಡ ಅಂದದ್ದಕ್ಕೆ ಜಗಳವೇ ಆಯಿತು. ನಾವು ಒಳಗೆ ಹೋದಾಗ ಏನು ಮಾಡಬೇಕು, ಏನು ಮಾಡಬಾರದು?

ನೈಟ್_ಡ್ಯೂಟಿ · ಫೆಬ್ರವರಿ 13, ಬೆಳಗಿನ ಜಾವ 5:05

ತೀರ್ಥ ಬಾಯಿಗೆ ಬೇಡಮ್ಮ. ನುಂಗಲು ಆಗದವರ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ನಾನು ಮಾಡುವುದು ಹೀಗೆ. ಬಾಟಲಿ ಮುಚ್ಚಳ ತೆಗೆಯದೆ ರೋಗಿಯ ತಲೆದೆಸೆಯ ಟೇಬಲ್ ಮೇಲೆ ಸ್ವಲ್ಪ ಹೊತ್ತು ಇಟ್ಟು, ಹೊರಗೆ ಒಯ್ದು ಮನೆಯವರೇ ತಗೊಳ್ಳಿ ಅನ್ನುತ್ತೇನೆ. ಯಾವ ದೊಡ್ಡಮ್ಮನೂ ಇವತ್ತಿನವರೆಗೆ ಬೇಡ ಅಂದಿಲ್ಲ. ಹೊಸ ಕಟ್ಟುದಾರ ಕೈಗೆ ಕಟ್ಟಬೇಡಿ, ನೆನೆದು ಕೊಳೆಯಾಗುತ್ತದೆ. ಕವರಿಗೆ ಹಾಕಿ ಫೈಲಿಗೆ ಪಿನ್ ಮಾಡಬಹುದು.

ಕೈ ಉಜ್ಜುವುದು ಗೊತ್ತು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಿಂತು ನೋಡಿ ಒಮ್ಮೆ. ಅಂಗೈಗೆ ಒಂದು ಹನಿ, ಎರಡು ಸಲ ಸವರಿ ಒಳಗೆ ನಡೆದುಬಿಡುತ್ತಾರೆ. ಅಂಗೈ ತುಂಬ ಹಾಕಿ, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಬಿಡದೆ 20ರಿಂದ 30 ಸೆಕೆಂಡ್ ಉಜ್ಜಬೇಕು. ತಾನಾಗಿ ಒಣಗಬೇಕು, ಸೀರೆಗೆ ಒರೆಸಬಾರದು. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ. ಹೊರಗೆ ಬರುವಾಗಿನದನ್ನೇ ಎಲ್ಲರೂ ಮರೆಯುವುದು. ಬೋರ್ಡು ಇರುವುದು ನಿಮ್ಮ ತಂದೆಗಿಂತ ಪಕ್ಕದ ಮಂಚದವರಿಗಾಗಿ. ಮೊಬೈಲ್ ಹೊರಗೇ ಇಡಿ. ಪಕ್ಕದ ಮಂಚದವರ ಹೊದಿಕೆ ಜಾರಿದರೆ ಸರಿಮಾಡಲು ಹೋಗಬೇಡಿ, ನಮ್ಮನ್ನು ಕರೆಯಿರಿ. ನಮ್ಮ ಊರಿನ ಜನಕ್ಕೆ ಇದು ಕಷ್ಟ. ಕಂಡವರಿಗೆಲ್ಲ ಕೈ ಹಾಕಿ ಸಹಾಯ ಮಾಡುವುದೇ ನಮಗೆ ಅಭ್ಯಾಸ.

ಯಾರಿಗೂ ಗೊತ್ತಿಲ್ಲದ ಒಂದು ಮಾತು. ಐಸಿಯು ಒಳಗಿನ ಕೈ ತೊಳೆಯುವ ಸಿಂಕಿಗೆ ಉಳಿದ ಗಂಜಿ, ಎಳನೀರು, ಕಾಫಿ ಚೆಲ್ಲಬೇಡಿ. ಸಿಂಕಿನ ಪೈಪಿನೊಳಗೆ ಲೋಳೆ ಕಟ್ಟಿಕೊಂಡು ಇವೇ ಬ್ಯಾಕ್ಟೀರಿಯಾ ಇರುತ್ತವೆ. ನೀವು ಚೆಲ್ಲಿದ್ದು ಅವಕ್ಕೆ ಊಟ. ನಲ್ಲಿ ಬಿಟ್ಟಾಗ ಹನಿ ಸಿಡಿದು ಮೇಲೆ ಬರುತ್ತವೆ.

ನಮ್ಮ ತಪ್ಪೂ ಹೇಳುತ್ತೇನೆ. ರಾತ್ರಿ ಮೂರು ರೋಗಿಗೆ ಒಬ್ಬಳೇ ಇದ್ದಾಗ, ಎರಡು ಕಡೆ ಅಲಾರ್ಮ್ ಹೊಡೆದುಕೊಂಡಾಗ, ಆ 20 ಸೆಕೆಂಡ್ ಎಲ್ಲಿ ಹೋಗುತ್ತದೆ ಅಂತ ನಮಗೂ ಗೊತ್ತು. ಅದಕ್ಕೇ ಹೇಳುವುದು, ನೀವು ನೋಡುತ್ತಿರಿ. ‘ಸಿಸ್ಟರ್, ಕೈಗೆ ಹಾಕಿಕೊಂಡ್ರಾ?’ ಅಂತ ಮೆತ್ತಗೆ ಕೇಳಿ. ಸಿಟ್ಟು ಬರುತ್ತದೆ ನಿಜ. ಆದರೂ ಹಾಕಿಕೊಳ್ಳುತ್ತೇವೆ. ಇನ್ನೊಂದು, ರೌಂಡ್ಸಿಗೆ ಬಂದ ಡಾಕ್ಟರನ್ನು ದಿನಾ ಒಂದು ಕೇಳಿ. ‘ಈ ಯೂರಿನ್ ಪೈಪು, ಈ ಕುತ್ತಿಗೆಯ ರಕ್ತನಾಳದ ಲೈನು ಇವತ್ತೂ ಬೇಕಾ?’ ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಇಂಥ ಐದು ಸಣ್ಣ ಕೆಲಸಗಳನ್ನು ತಪ್ಪದೆ ಮಾಡಿಸಿದರು. ಕೈ ತೊಳೆಯುವುದು, ಬೇಡದ ಲೈನ್ ತೆಗೆಯುವುದು, ಇಂಥವೇ. ಲೈನಿನಿಂದ ರಕ್ತಕ್ಕೆ ಸೇರುವ ಸೋಂಕು ಶೇಕಡಾ 66ರಷ್ಟರವರೆಗೆ ಕಡಿಮೆಯಾಯಿತು ಅಂತ 2006ರಲ್ಲಿ ಪ್ರಕಟವಾಯಿತು. ಹೊಸ ಮದ್ದು ಒಂದೂ ಇಲ್ಲ ಅದರಲ್ಲಿ.

ಮಾತ್ರೆ_ಅಂಗಡಿ · ಫೆಬ್ರವರಿ 13, ಬೆಳಿಗ್ಗೆ 10:48

ಅರಸೀಕೆರೆ ಕಡೆ ಮೆಡಿಕಲ್ ಶಾಪ್ ನಮ್ಮದು. ಓದುತ್ತಾ ಓದುತ್ತಾ ಮುಳ್ಳು ಚುಚ್ಚಿದ ಹಾಗಾಯಿತು.

2014ರ ಮಾರ್ಚಿನಿಂದ ಎಚ್1 ಅಂತ ಒಂದು ಪಟ್ಟಿ ಜಾರಿಯಲ್ಲಿದೆ. ಸೆಫಿಕ್ಸಿಮ್, ಲಿವೊಫ್ಲಾಕ್ಸಸಿನ್, ಮೆರೊಪೆನೆಮ್ ಎಲ್ಲ ಅದರಲ್ಲಿವೆ. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟೆ ಅಂತ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ನಾನು ಬರೆಯುತ್ತೇನೆ. ಆದರೆ ಸೋಮವಾರ ಸಂತೆ ದಿನ ಕೌಂಟರಿಗೆ ಬಂದು ನಿಂತು ನೋಡಿ. ‘ಮೈ ಕೈ ನೋವು, ಗಂಟಲು ಕೆರೆತ, ಸ್ಟ್ರಾಂಗಾಗಿರೋದು ಎರಡೇ ಎರಡು ಮಾತ್ರೆ ಕೊಡಣ್ಣ’. ಚೀಟಿ ತನ್ನಿ ಅಂದರೆ ಎದುರಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಸಿಗುತ್ತದೆ. ಹತ್ತು ವರ್ಷದ ಹಿಂದೆ ನನ್ನ ಹತ್ತಿರವೂ ಸಿಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇರುತ್ತದೆ. ಅದು ಡಿಸೈನ್ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಡಾಕ್ಟರ್ ಬರೆಯದೆ ತಗೋಬೇಡಿ ಅಂತ ಅದರ ಅರ್ಥ. ನೆಗಡಿ ವೈರಸ್ಸಿನಿಂದ ಬರುವುದು, ಕೊಪ್ಪ ಶೃಂಗೇರಿ ಕಡೆಯ ಮಂಗನ ಕಾಯಿಲೆಯೂ ವೈರಸ್ಸೇ. ಇವನ್ನು ಯಾವ ಆಂಟಿಬಯೋಟಿಕ್ಕೂ ಮುಟ್ಟುವುದಿಲ್ಲ.

ಕೆಚ್ಚಲು_ಬಾವು · ಫೆಬ್ರವರಿ 13, ಮಧ್ಯಾಹ್ನ 12:30

ನನ್ನ ಹೆಸರು ನೋಡಿ ನಗಬೇಡಿ. ಚನ್ನರಾಯಪಟ್ಟಣ ಕಡೆ ಆರು ಹಸು ಇವೆ. ಕೆಚ್ಚಲು ಬಾವು ಬಂದರೆ ನಾವೇ ಟ್ಯೂಬ್ ತಂದು ಏರಿಸುತ್ತೇವೆ. ಒಂದಿನ ಇಳಿಯಿತು ಅಂದರೆ ನಿಲ್ಲಿಸುತ್ತೇವೆ. ಟ್ಯೂಬ್ ಹಾಕಿದ ಮೇಲೆ ಅದರ ಮೇಲೆ ಬರೆದಷ್ಟು ದಿನ ಆ ಹಾಲನ್ನು ಡೈರಿಗೆ ಹಾಕಬಾರದು. ಎಲ್ಲರೂ ಪಾಲಿಸುತ್ತಾರೆ ಅಂತ ನಾನು ಪ್ರಮಾಣ ಮಾಡಲಾರೆ. ಮೇಲೆ ಯಾರೋ ಕೊಲಿಸ್ಟಿನ್ ಅಂದರಲ್ಲ, ಅದನ್ನು ಕೋಳಿ ದಪ್ಪ ಆಗಲಿ ಅಂತ ಮೇವಿಗೆ ಹಾಕುತ್ತಿದ್ದರು. 2019ರಲ್ಲಿ ಸರ್ಕಾರ ಸಾಕುಪ್ರಾಣಿಗಳಿಗೆ ಅದನ್ನು ನಿಷೇಧಿಸಿತು.

ಕಾಫಿಕಣ · ಫೆಬ್ರವರಿ 13, ಮಧ್ಯಾಹ್ನ 1:15

ನಮಗೆ ಕಾಫಿಯವರಿಗೆ ಇದು ಹಳೇ ಕಥೆ ಮಾರಾಯ್ರೆ. ಎಲೆ ತುಕ್ಕು ರೋಗಕ್ಕೆ ಕೆಂಟ್ಸ್ ಅನ್ನುವ ಕಾಫಿ ತಳಿ ಜಗ್ಗುವುದಿಲ್ಲ ಅಂತ ಅಜ್ಜನ ಕಾಲದಲ್ಲಿ ಎಲ್ಲರೂ ಹಾಕಿದರು. ತುಕ್ಕು ರೂಪ ಬದಲಿಸಿ ಬಂತು. ಆಮೇಲೆ ಎಸ್ 795 ತಳಿ ಹಾಕಿದೆವು. ಅದಕ್ಕೂ ಬಂತು. ಎದುರಿಗಿರುವುದೂ ಬದುಕಬೇಕಲ್ಲ.

ವೇದಿಕೆ_ನಿರ್ವಾಹಕ · ಫೆಬ್ರವರಿ 13, ಮಧ್ಯಾಹ್ನ 1:50

ಕಾಫಿ, ಹಸು ಎರಡಕ್ಕೂ ಬೇರೆ ಎಳೆ ತೆರೆಯೋಣ. ಇಲ್ಲಿ ಮೂಡಿಗೆರೆಯವರ ತಂದೆಯ ವಿಷಯ ಇರಲಿ.

ಮೂಡಿಗೆರೆ_ಮಗಳು · ಫೆಬ್ರವರಿ 15, ಬೆಳಿಗ್ಗೆ 6:20

ನಿನ್ನೆ ಮಧ್ಯಾಹ್ನದಿಂದ ಅಪ್ಪನಿಗೆ ಜ್ವರ, 102. ಕಫ ಹಳದಿ ಹಸಿರು ಬರುತ್ತಿದೆ. ಯಂತ್ರದಿಂದ ಕೊಡುವ ಆಕ್ಸಿಜನ್ ಶೇಕಡಾ 40 ಇದ್ದದ್ದನ್ನು 60 ಮಾಡಿದ್ದಾರೆ. ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಬೆಳ್ಳಗೆ ಕಾಣುತ್ತದೆ. ವೆಂಟಿಲೇಟರಿನಿಂದ ಬಂದ ನ್ಯುಮೋನಿಯಾ ಅಂದರು. ರಾತ್ರಿಯೇ ಎರಡು ಇಂಜೆಕ್ಷನ್ ಶುರು ಮಾಡಿದ್ದಾರೆ. ಒಂದು ಸೆಫ್ಟಾಜಿಡಿಮ್ ಅವಿಬ್ಯಾಕ್ಟಮ್, ಇನ್ನೊಂದು ಅಜ್ಟ್ರಿಯೊನಾಮ್.

ಚಿಕ್ಕಪ್ಪ ನನ್ನ ಮುಖ ನೋಡಿ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು. ಮೊದಲೇ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಅಲ್ವಾ? ನಾನೇ ತಡೆದ ಹಾಗಾಯಿತಾ?

ಹಳೇ_ಸ್ಟೆತಸ್ಕೋಪ್ · ಫೆಬ್ರವರಿ 15, ಬೆಳಿಗ್ಗೆ 7:45

ಮಗಳೇ, ನಾನು ರಿಟೈರ್ಡ್ ಡಾಕ್ಟರ್, ಚಿಕ್ಕಮಗಳೂರಿನವನು. ನಿಮ್ಮ ತಂದೆಯನ್ನು ನೋಡಿಲ್ಲ, ಹಾಗಾಗಿ ಅವರ ಡಾಕ್ಟರ ಮಾತೇ ಕೊನೆ. ಆದರೆ ಆ ಕೊನೆಯ ಪ್ರಶ್ನೆಗೆ ಉತ್ತರ ಕೊಡಬಲ್ಲೆ. ಇಲ್ಲ. ನೀನು ಏನನ್ನೂ ತಡೆಯಲಿಲ್ಲ.

ಬೀಡು ಬಿಟ್ಟವರಲ್ಲಿ ಎಲ್ಲರಿಗೂ ಸೋಂಕು ಆಗುವುದಿಲ್ಲ. ಆದರೆ ಬೀಡು ಬಿಡದವರಿಗಿಂತ ಅಪಾಯ ಜಾಸ್ತಿ, ಅದನ್ನು ಮುಚ್ಚಿಡುವುದು ತಪ್ಪು. ಮೊದಲೇ ಮದ್ದು ಕೊಟ್ಟು ಅದನ್ನು ಕರುಳಿನಿಂದ ಓಡಿಸಬಹುದಾ ಅಂತ ನೋಡಿದವರಿದ್ದಾರೆ. ನಂಬುವಂಥ ಫಲ ಸಿಗಲಿಲ್ಲ. ಯೂರೋಪಿನ ತಜ್ಞರು 2019ರಲ್ಲಿ ಇಂಥ ಬ್ಯಾಕ್ಟೀರಿಯಾಕ್ಕೆ ವಾಡಿಕೆಯಾಗಿ ಹಾಗೆ ಮಾಡಬೇಡಿ ಅಂತಲೇ ಬರೆದರು. ಮೂಗಿನಲ್ಲಿ ಕೂರುವ ಎಂಆರ್‌ಎಸ್‌ಎ ಅನ್ನುವ ಬೇರೆ ಬ್ಯಾಕ್ಟೀರಿಯಾಕ್ಕೆ ಮುಲಾಮು ಇದೆ. ಕರುಳಿನದಕ್ಕೆ ಹಾಗಿಲ್ಲ.

ಈಗ ಆ ಸ್ವಾಬಿನ ಬೆಲೆ ನೋಡು. ಸಾಮಾನ್ಯವಾಗಿ ಇಂಥ ಜ್ವರ ಬಂದಾಗ ನಾವು ಕತ್ತಲಲ್ಲಿ ಕಲ್ಲು ಹೊಡೆಯುತ್ತೇವೆ. ಮೆರೊಪೆನೆಮ್ ಕೊಟ್ಟು, ಎರಡು ಮೂರು ದಿನ ಕಲ್ಚರಿಗೆ, ಅಂದರೆ ಲ್ಯಾಬಿನಲ್ಲಿ ಬೆಳೆಸಿ ನೋಡುವ ರಿಪೋರ್ಟಿಗೆ ಕಾದು, ನಾಟಲಿಲ್ಲ ಅಂತ ಆಮೇಲೆ ಬದಲಿಸುತ್ತೇವೆ. ಅಷ್ಟರಲ್ಲಿ ಕೆಲವರು ಕೈ ಮೀರಿರುತ್ತಾರೆ. ನಿಮ್ಮ ತಂದೆಯ ಹತ್ತಿರ ಯಾವುದು ಕೂತಿದೆ ಅಂತ ಇವರಿಗೆ ಮೊದಲೇ ಗೊತ್ತಿತ್ತು. ಆದ್ದರಿಂದ ರಾತ್ರಿಯೇ ಸರಿಯಾದ್ದಕ್ಕೆ ಕೈ ಹಾಕಿದ್ದಾರೆ.

ಎರಡು ಮದ್ದು ಯಾಕೆ ಅಂದರೆ, ಈ ಜೋಡಿ ಮೇಲೆ ಹೇಳಿದ ಎನ್‌ಡಿಎಂ ಕಿಣ್ವ ಇರುವ ಬ್ಯಾಕ್ಟೀರಿಯಾಕ್ಕೆ. ಅಜ್ಟ್ರಿಯೊನಾಮ್ ಅನ್ನು ಎನ್‌ಡಿಎಂ ಮುರಿಯಲಾರದು. ಆದರೆ ಅದೇ ಬ್ಯಾಕ್ಟೀರಿಯಾದಲ್ಲಿ ಬೇರೆ ಕಿಣ್ವಗಳೂ ಇರುತ್ತವೆ, ಅವು ಮುರಿಯುತ್ತವೆ. ಆ ಬೇರೆ ಕಿಣ್ವಗಳನ್ನು ಅವಿಬ್ಯಾಕ್ಟಮ್ ಕಟ್ಟಿಹಾಕುತ್ತದೆ. ಒಂದು ಇನ್ನೊಂದಕ್ಕೆ ಕೊಡೆ ಹಿಡಿದ ಹಾಗೆ. ನನ್ನ ಕಾಲದಲ್ಲಿ ಈ ಜೋಡಿ ಇರಲಿಲ್ಲ. ಕೊಲಿಸ್ಟಿನ್ ಒಂದೇ ಗತಿ. ಅದು 1940ರ ದಶಕದ ಮದ್ದು. ಕಿಡ್ನಿಗೆ ಪೆಟ್ಟು ಕೊಡುತ್ತದೆ ಅಂತ 70ರ ದಶಕದ ಹೊತ್ತಿಗೆ ಬದಿಗಿಟ್ಟಿದ್ದೆವು. ಬೇರೇನೂ ಉಳಿಯದೆ ಅಟ್ಟದಿಂದ ಇಳಿಸಿದೆವು. ರೋಗಿ ಉಳಿದು ಕಿಡ್ನಿ ಹೋದದ್ದನ್ನು ನೋಡಿದ್ದೇನೆ. ಸೋಂಕು ಇಲ್ಲದ ದಿನಗಳಲ್ಲಿ ಚಿಕ್ಕಪ್ಪನ ಒತ್ತಾಯಕ್ಕೆ ಅದನ್ನು ಸುಮ್ನೆ ಏರಿಸಿದ್ದರೆ, ಇವತ್ತು ಯಾವ ಕಿಡ್ನಿ ಇಟ್ಟುಕೊಂಡು ಹೋರಾಡುತ್ತಿದ್ದರು?

ತಲೆದೆಸೆ 30ರಿಂದ 45 ಡಿಗ್ರಿ ಎತ್ತರಿಸಿದ್ದಾರಾ ನೋಡು. ಇಲ್ಲದಿದ್ದರೆ ಸಿಸ್ಟರಿಗೆ ಹೇಳು. ಬಾಯಿಯ ನೀರು ಶ್ವಾಸಕೋಶಕ್ಕೆ ಇಳಿಯುವುದು ಕಡಿಮೆಯಾಗುತ್ತದೆ.

ಬಾಣಾವರದವ · ಫೆಬ್ರವರಿ 15, ಬೆಳಿಗ್ಗೆ 8:30

ತಂಗಿ, ಇವತ್ತು ನಾನು ಹಾಸನದಲ್ಲೇ ಇದ್ದೇನೆ. ರಕ್ತ ಬೇಕಾದರೆ, ಊಟ ತಂದುಕೊಡಬೇಕಾದರೆ ಮೆಸೇಜ್ ಹಾಕು. ಆಸ್ಪತ್ರೆ ಕಾರಿಡಾರ್ ನನಗೆ ಹೊಸದಲ್ಲ.

ಮೂಡಿಗೆರೆ_ಮಗಳು · ಫೆಬ್ರವರಿ 18, ರಾತ್ರಿ 8:10

ಕಫದ ರಿಪೋರ್ಟ್ ಬಂತು. ಅದೇ ಕ್ಲೆಬ್ಸಿಯೆಲ್ಲಾ. ಜ್ವರ ಇಳಿದಿದೆ, ಆಕ್ಸಿಜನ್ 45ಕ್ಕೆ ಬಂದಿದೆ. ಕಿಡ್ನಿಯ ಪರೀಕ್ಷೆ ಕ್ರಿಯಾಟಿನಿನ್ ಸರಿ ಇದೆ ಅಂದರು. ಬಾಣಾವರದ ಅಣ್ಣ ಮೂರು ದಿನ ಮುದ್ದೆ ಸಾರು ತಂದುಕೊಟ್ಟರು. ಅಮ್ಮ ಇವತ್ತು ಸರಿಯಾಗಿ ಉಂಡಳು.

ಮೂಡಿಗೆರೆ_ಮಗಳು · ಮಾರ್ಚ್ 3, ಸಂಜೆ 5:40

ವೆಂಟಿಲೇಟರ್ ತೆಗೆದು ಐದು ದಿನ ಆಯ್ತು. ಗಂಟಲಿನ ಟ್ಯೂಬನ್ನೂ ನಿನ್ನೆ ತೆಗೆದರು. ಧ್ವನಿ ಇನ್ನೂ ಗಾಳಿ ಗಾಳಿ. ಸದ್ಯದಲ್ಲೇ ಮನೆಗೆ ಕಳಿಸುತ್ತಾರಂತೆ.

ಈಗ ಹೊಸ ತಲೆನೋವು. ನನ್ನ ಮಗನಿಗೆ ಎರಡೂವರೆ ವರ್ಷ. ತಾತ ತಾತ ಅಂತ ಬಾಗಿಲಲ್ಲೇ ಕೂತಿದ್ದಾನೆ. ಕರುಳಿನಲ್ಲಿ ಅದು ಇನ್ನೂ ಇರಬಹುದು ಅಂದರು. ತೊಡೆ ಮೇಲೆ ಕೂರಿಸಬಹುದಾ? ತಟ್ಟೆ ಲೋಟ ಬೇರೆ ಇಡಬೇಕಾ? ಅಕ್ಕಪಕ್ಕದಲ್ಲಿ ಆಗಲೇ ಗುಸುಗುಸು ಶುರುವಾಗಿದೆ.

ಹಳೇ_ಸ್ಟೆತಸ್ಕೋಪ್ · ಮಾರ್ಚ್ 3, ರಾತ್ರಿ 9:00

ಕೂರಿಸು. ಮುದ್ದಾಡಲಿ. ತಟ್ಟೆ ಲೋಟ ಬೇರೆ ಬೇಡ, ಸೋಪು ಹಾಕಿ ತೊಳೆದರೆ ಸಾಕು. ಬಟ್ಟೆಯೂ ಹಾಗೇ. ಆಸ್ಪತ್ರೆಯ ಗೌನು, ಗ್ಲೌಸು ಮನೆಗೆ ಬೇಕಿಲ್ಲ. ಅಲ್ಲಿ ಸುತ್ತ ಟ್ಯೂಬು, ಗಾಯ ಇದ್ದವರೇ ಮಲಗಿರುತ್ತಾರೆ, ಅದಕ್ಕೆ ಅಷ್ಟೊಂದು ಕಟ್ಟುನಿಟ್ಟು. ಆರೋಗ್ಯವಾಗಿರುವ ಮಗುವಿನ ಮೈಗೆ ಬಂದರೂ ಬಹುತೇಕ ಏನೂ ಮಾಡದೆ ಇರುತ್ತದೆ.

ಶೌಚಕ್ಕೆ ಹೋಗಿ ಬಂದ ಮೇಲೆ, ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಬೇಕು. ಅವರನ್ನು ಸ್ವಚ್ಛ ಮಾಡುವವರು ಅಡುಗೆಗೆ ಹೋಗುವ ಮುಂಚೆ ಮರೆಯದೆ ತೊಳೆಯಬೇಕು. ಮನೆಯಲ್ಲಿ ಕೀಮೋ ತಗೊಳ್ಳುವವರು, ಪೈಪು ಹಾಕಿಕೊಂಡವರು, ವಾಸಿಯಾಗದ ಗಾಯ ಇರುವವರು ಇದ್ದರೆ ಅವರ ಡಾಕ್ಟರಿಗೆ ತಿಳಿಸು.

ಪದೇ ಪದೇ ಟೆಸ್ಟ್ ಮಾಡಿಸಬೇಡ. ಎಷ್ಟೋ ಜನರಲ್ಲಿ ತಿಂಗಳುಗಳು ಕಳೆದಂತೆ ತಾನಾಗಿಯೇ ಕಡಿಮೆಯಾಗುತ್ತದೆ, ಕೆಲವರಲ್ಲಿ ವರ್ಷ ದಾಟಬಹುದು. ನಡುವೆ ಬೇಡದ ಆಂಟಿಬಯೋಟಿಕ್ ತಗೊಂಡರೆ ಇನ್ನಷ್ಟು ದಿನ ಕೂತಿರುತ್ತದೆ. ಡಿಸ್ಚಾರ್ಜ್ ಫೈಲಿನ ಮೇಲೆಯೇ ಆ ಬ್ಯಾಕ್ಟೀರಿಯಾದ ಹೆಸರು ದೊಡ್ಡದಾಗಿ ಬರೆಸು. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನು ತೋರಿಸು. ಮುಚ್ಚಿಡಬೇಡ.

ಮೂಡಿಗೆರೆ_ಮಗಳು · ಮಾರ್ಚ್ 12, ರಾತ್ರಿ 9:15

ಮನೆಗೆ ಬಂದು ನಾಲ್ಕು ದಿನ. ಸಿಸ್ಟರ್ ಒಬ್ಬರು ಫೈಲಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದುಕೊಟ್ಟರು. ಅದು ಬೀರುವಿನ ಮೇಲಿದೆ.

ಪಕ್ಕದ ಮನೆಯವರು ನೋಡಲು ಬಂದು ಜಗಲಿಯಲ್ಲೇ ನಿಂತರು. ಕಾಫಿ ಕೊಟ್ಟರೆ ‘ಈಗ ಬೇಡ, ಕುಡಿದೇ ಬಂದೆ’ ಅಂದರು. ನಮ್ಮ ಮನೆಯ ಕಾಫಿಗೆ 30 ವರ್ಷದಲ್ಲಿ ಒಮ್ಮೆಯೂ ಬೇಡ ಅಂದವರಲ್ಲ. ಮೈಲಿಗೆ ಮನೆಗೆ ಬಂದ ಹಾಗೆ ನಿಂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಏನೋ ಅನ್ನುವಷ್ಟರಲ್ಲಿ ಚಿಕ್ಕಪ್ಪ ಒಳಗಿನಿಂದ ಬಂದು, ಅಪ್ಪ ಅರ್ಧ ಬಿಟ್ಟಿದ್ದ ಲೋಟವನ್ನೇ ಎತ್ತಿ ಗಟಗಟ ಕುಡಿದರು. ಕುಡಿದು, ಲೋಟ ಅಲ್ಲೇ ಕಟ್ಟೆಯ ಮೇಲೆ ಇಟ್ಟರು. ಇದನ್ನು ಡಾಕ್ಟ್ರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ!

ಅಪ್ಪ ಜಾಸ್ತಿ ಮಾತಾಡುವುದಿಲ್ಲ. ಇವತ್ತು ಕೇಳಿದ ಒಂದೇ ಪ್ರಶ್ನೆ, ಹಳ್ಳದ ಕಡೆಯ ಸಾಲಿನ ಮೆಣಸು ಯಾರು ಕುಯ್ದರು ಅಂತ. ಯಾರೂ ಕುಯ್ದಿಲ್ಲ. ಹಣ್ಣಾಗಿ ಉದುರುತ್ತಿದೆ.

ಹಳೇ_ಸ್ಟೆತಸ್ಕೋಪ್ · ಮಾರ್ಚ್ 12, ರಾತ್ರಿ 9:40

ಎಂಜಲು ಲೋಟದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಚಿಕ್ಕಪ್ಪನಿಗೆ ನನ್ನ ನಮಸ್ಕಾರ ತಿಳಿಸು.

ಕಾಫಿಕಣ · ಮಾರ್ಚ್ 12, ರಾತ್ರಿ 10:05

ತಂಗಿ, ನಮ್ಮ ತೋಟದ ಕುಯ್ಲು ಶನಿವಾರಕ್ಕೆ ಮುಗಿಯುತ್ತದೆ. ಇಬ್ಬರು ಹುಡುಗರನ್ನು ಭಾನುವಾರ ಜೀಪಿನಲ್ಲಿ ಕಳಿಸುತ್ತೇನೆ. ಏಣಿ ನಮ್ಮದೇ ಬರುತ್ತದೆ, ಕೆಳಗೆ ಹಿಡಿಯಲು ಒಬ್ಬ ಆಳು ಮಾತ್ರ ನಿಮ್ಮ ಕಡೆಯಿಂದ ಇರಲಿ.